ಪತ್ರ ಬಂತು, ಟಿಕೆಟ್ಟಿಗೆ ದುಡ್ಡು?

ಮುಂದಿನ ಬೇಸಿಗೆಯನ್ನು ಜರ್ಮನಿಯದೋ ಕೆನಡಾದ್ದೋ ಒಂದು ಪ್ರಯೋಗಾಲಯದಲ್ಲಿ ಕಳೆಯಬೇಕೆಂದಿರುವ ಮೂರನೇ ವರ್ಷದ ವಿದ್ಯಾರ್ಥಿ ಯಾರಾದರೂ ಈ ಪುಟ ಓದುತ್ತಿದ್ದರೆ, ಮೊದಲಿಗೇ ಒಂದು ಮಾತು. ಓಡಾಟ ಶುರುವಾಗಬೇಕಾದದ್ದು ದಸರಾ ರಜೆಗೂ ಮುಂಚೆ. ಸಂಕ್ರಾಂತಿಗೆ ಎದ್ದವರಿಗೆ ಅರ್ಧ ಬಾಗಿಲು ಮುಚ್ಚಿರುತ್ತದೆ. ಯುಗಾದಿಗೆ ಎದ್ದವರು ಮುಂದಿನ ವರ್ಷದ ಅರ್ಜಿ ತುಂಬಬೇಕು.

ಕೆನಡಾದ ಮೈಟ್ಯಾಕ್ಸ್ ಸಂಸ್ಥೆಯ ಗ್ಲೋಬಲಿಂಕ್ ಯೋಜನೆ ಹನ್ನೆರಡು ವಾರಗಳದ್ದು. ಅದಕ್ಕೆ ಅರ್ಜಿ ಹಾಕುವ ಅವಧಿ ಗಣೇಶ ಚತುರ್ಥಿಯ ಆಸುಪಾಸಿಗೇ ಮುಗಿಯುವುದು ವಾಡಿಕೆ. ಜರ್ಮನಿಯ ವಿನಿಮಯ ಸಂಸ್ಥೆ ಡಿಎಎಡಿ ಭಾರತೀಯ ವಿಜ್ಞಾನ–ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆಂದು ನಡೆಸುತ್ತ ಬಂದಿರುವ ‘ವೈಸ್’ ಯೋಜನೆಯ ಗಡುವು ನವೆಂಬರ್ ಮೊದಲ ದಿನಗಳಲ್ಲಿ. ಆ ಅರ್ಜಿಯ ಜೊತೆಗೆ ಜರ್ಮನಿಯ ಪ್ರಾಧ್ಯಾಪಕರೊಬ್ಬರ ಆಹ್ವಾನ ಪತ್ರ ಇರಲೇಬೇಕು. ಅಂದರೆ ಪತ್ರ ಕೇಳುವ ಕೆಲಸ ಆಗಸ್ಟಿನದು. ಜಿನೀವಾ ಪಕ್ಕದ ಸರ್ನ್ ಪ್ರಯೋಗಾಲಯದ ಬೇಸಿಗೆ ವಿದ್ಯಾರ್ಥಿ ಕಾರ್ಯಕ್ರಮದ ಅರ್ಜಿ ಜನವರಿ ಕೊನೆಯವರೆಗೂ ಇರುತ್ತದೆ. ಭಾರತ 2017ರಿಂದ ಅಲ್ಲಿ ಸಹಸದಸ್ಯ ರಾಷ್ಟ್ರ. ಜಪಾನಿನ ಒಕಿನಾವಾ ದ್ವೀಪದ ಒಐಎಸ್‌ಟಿ ಎಂಬ ಸಂಶೋಧನಾ ವಿಶ್ವವಿದ್ಯಾಲಯ ವರ್ಷಕ್ಕೆರಡು ಸಲ ಇಂಟರ್ನ್‌ಗಳನ್ನು ಆರಿಸುತ್ತದೆ. ಫ್ರಾನ್ಸ್ ದೂತಾವಾಸ ಕೊಡುವ ವಿದ್ಯಾರ್ಥಿವೇತನಕ್ಕೆ ಜಾರ್ಜ್ ಶಾರ್ಪಾಕ್ ಅವರ ಹೆಸರಿದೆ. ಭೌತವಿಜ್ಞಾನಕ್ಕೆ 1992ರ ನೊಬೆಲ್ ಪಡೆದವರು ಅವರು. ಜ್ಯೂರಿಕ್‌ನ ಇಟಿಎಚ್, ಲೋಸಾನ್‌ನ ಇಪಿಎಫ್‌ಎಲ್ ಕಂಪ್ಯೂಟರ್ ವಿಭಾಗಗಳಲ್ಲೂ ಬೇಸಿಗೆ ಫೆಲೋಶಿಪ್‌ಗಳಿವೆ. ನಿಯಮ, ದಿನಾಂಕ ಎರಡೂ ವರ್ಷವರ್ಷಕ್ಕೆ ಅಲ್ಲಾಡುತ್ತವೆ. ಸೀನಿಯರ್ ಹೇಳಿದ್ದನ್ನು ನಂಬಿ ಕೂರದೆ ಆ ವರ್ಷದ ಪ್ರಕಟಣೆಯನ್ನೇ ಓದಬೇಕು.

ಪ್ರಕಟಣೆ ಓದುವಾಗ ಮೊದಲು ನೋಡಬೇಕಾದದ್ದು ಯಾರಿಗೆ ಅವಕಾಶವಿಲ್ಲ ಎಂಬ ಸಾಲನ್ನು. ಡಿಎಎಡಿಯದೇ ‘ರೈಸ್’ ಎಂಬ ಇನ್ನೊಂದು ಯೋಜನೆ ಇದೆ. ಅದು ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್‌ಗಳ ವಿಶ್ವವಿದ್ಯಾಲಯಗಳಲ್ಲಿ ಓದುವವರಿಗೆ. ನಮ್ಮ ಮಕ್ಕಳು ವರ್ಷ ವರ್ಷವೂ ಅದರ ಪುಟ ತೆರೆದು ಕನಸು ಕಟ್ಟಿ, ಕೊನೆಗೆ ತಲೆ ಕೆರೆದುಕೊಳ್ಳುತ್ತಾರೆ. ಇತ್ತ ವೈಸ್ ಇರುವುದು ಐಐಟಿ, ಎನ್‌ಐಟಿಗಳಂಥ ಆಯ್ದ ಸಂಸ್ಥೆಗಳ ಪಟ್ಟಿಗೆ. ಸುರತ್ಕಲ್ಲಿನ ಎನ್‌ಐಟಿಯಲ್ಲಿ ಓದುವವನಿಗೆ ಆ ಅರ್ಜಿ ತುಂಬಲು ಬರುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದ ತಾಲ್ಲೂಕು ಊರಿನ ಕಾಲೇಜಿನಲ್ಲಿ ಅದೇ ಪಾಠವನ್ನು ಅದೇ ಪುಸ್ತಕದಿಂದ ಓದಿ ಅವನಿಗಿಂತ ಹೆಚ್ಚು ಅಂಕ ತೆಗೆದವಳಿಗೆ ಬರುವುದಿಲ್ಲ. ನನಗೆ ಇದರ ಬಗ್ಗೆ ಸಿಟ್ಟಿದೆ. ಆದರೆ ಸಿಟ್ಟಿನಿಂದ ಪಟ್ಟಿ ಬದಲಾಗುವುದಿಲ್ಲವಾದ್ದರಿಂದ ಅಂಥ ಕಾಲೇಜಿನವರಿಗೆ ಉಳಿದಿರುವ ದಾರಿಯ ಬಗ್ಗೆಯೇ ಹೆಚ್ಚು ಹೇಳುತ್ತೇನೆ. ಆ ದಾರಿ ಎಂದರೆ, ನೇರವಾಗಿ ಪ್ರಾಧ್ಯಾಪಕರಿಗೆ ಬರೆಯುವುದು.

ನಮ್ಮ ವಿದ್ಯಾರ್ಥಿಗಳು ಬರೆಯುವ ಇಮೇಲ್‌ಗಳನ್ನು ಕಾಲೇಜು ಮೇಷ್ಟ್ರಾಗಿ ಸಾಕಷ್ಟು ನೋಡಿದ್ದೇನೆ. ಮುಕ್ಕಾಲು ಪಾಲು ಒಂದೇ ಅಚ್ಚಿನವು. ‘ರೆಸ್ಪೆಕ್ಟೆಡ್ ಸರ್’ ಎಂದು ಆರಂಭ. ನಂತರ ತಾನು ಪರಿಶ್ರಮಿ, ಕಲಿಯುವ ಹಂಬಲ ಉಳ್ಳವನು ಎಂಬ ಎರಡು ಪ್ಯಾರಾ. ತಮ್ಮ ಘನ ಸಂಸ್ಥೆಯಲ್ಲಿ ಅವಕಾಶ ಕೊಡಬೇಕೆಂಬ ಪ್ರಾರ್ಥನೆ. ಜೊತೆಗೆ ಮೂರು ಪುಟದ ಬಯೋಡೇಟಾ, ಅದರಲ್ಲಿ ಹೈಸ್ಕೂಲಿನ ರಂಗೋಲಿ ಸ್ಪರ್ಧೆಯ ಬಹುಮಾನ. ಇದನ್ನೇ ಹೆಸರು ಬದಲಿಸಿ ಇನ್ನೂರು ಜನಕ್ಕೆ ಕಳಿಸುತ್ತಾರೆ. ಕೆಲವರು ಹೆಸರು ಬದಲಿಸುವುದನ್ನೂ ಮರೆಯುತ್ತಾರೆ. ‘ಸರ್’ ಎಂದು ಬರೆಸಿಕೊಂಡ ಜರ್ಮನಿಯ ಆಂಡ್ರಿಯಾ ಹೆಂಗಸು. ಅದೇ ಹೆಸರು ಇಟಲಿಯಲ್ಲಾದರೆ ಗಂಡಸಿನದು. ವಿಭಾಗದ ಪುಟದಲ್ಲಿ ಫೋಟೊ ಇರುತ್ತದೆ, ನೋಡಿದರೆ ತಿಳಿಯುತ್ತದೆ.

ಕೆಲಸ ಮಾಡುವ ಪತ್ರ ಹತ್ತು–ಹನ್ನೆರಡು ಸಾಲಿಗಿಂತ ಉದ್ದ ಇರುವುದಿಲ್ಲ. ಮೊದಲ ಸಾಲಿನಲ್ಲಿ ಯಾರು, ಯಾವ ಸೆಮಿಸ್ಟರ್, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಬರಬಲ್ಲೆ ಎಂಬುದು. ಆಮೇಲೆ ಅವರ ಒಂದು ಪ್ರಬಂಧವನ್ನು ನಿಜವಾಗಿ ಓದಿದ್ದಕ್ಕೆ ಗುರುತಾಗುವ ಒಂದು ಮಾತು. ಹೊಗಳಿಕೆ ಬೇಡ, ಮೂರನೇ ಚಿತ್ರದಲ್ಲಿ ಅರ್ಥವಾಗದೆ ಉಳಿದ ಸಂಗತಿಯನ್ನು ಕೇಳಿದರೆ ಸಾಕು. ನಂತರ ನಿನಗೆ ಕೈಯಲ್ಲಿ ಮಾಡಲು ಬರುವ ಕೆಲಸ: ಪೈಥಾನ್ ಬರುತ್ತದೋ, ಪಿಸಿಆರ್ ಮಾಡಿದ್ದೀಯೋ, ಲೇತ್ ಹಿಡಿದಿದ್ದೀಯೋ. ಕೊನೆಗೆ ದುಡ್ಡಿನ ವಿಷಯ. ಇಲ್ಲೇ ನಮ್ಮವರು ಸಂಕೋಚಪಟ್ಟುಕೊಂಡು ಕೆಡಿಸಿಕೊಳ್ಳುವುದು. ‘ನನ್ನ ಖರ್ಚನ್ನು ಈ ವೇತನದಿಂದ ನೋಡಿಕೊಳ್ಳಲು ಅರ್ಜಿ ಹಾಕುತ್ತಿದ್ದೇನೆ’ ಅಥವಾ ‘ನಿಮ್ಮ ಯೋಜನೆಯ ಹಣದಲ್ಲಿ ವಾಸದ ಖರ್ಚಿಗೆ ನೆರವು ಸಾಧ್ಯವೇ’ ಎಂದು ನೇರವಾಗಿ ಬರೆಯುವುದು ಅಲ್ಲಿ ಅಸಭ್ಯತೆಯಲ್ಲ. ಅದನ್ನು ಬರೆಯದಿದ್ದರೆ ಓದುವವರಿಗೆ ಮುಂದೇನು ಮಾಡಬೇಕೆಂದು ಗೊತ್ತಾಗುವುದಿಲ್ಲ, ಪತ್ರ ಕೆಳಗೆ ಸರಿಯುತ್ತದೆ.

ಇನ್ನೊಂದು ಗುಟ್ಟು. ಪ್ರಯೋಗಾಲಯದಲ್ಲಿ ಇಂಟರ್ನ್‌ನನ್ನು ದಿನವೂ ನೋಡಿಕೊಳ್ಳುವವರು ಪ್ರಾಧ್ಯಾಪಕರಲ್ಲ, ಅಲ್ಲಿನ ಪಿಎಚ್.ಡಿ. ವಿದ್ಯಾರ್ಥಿ ಅಥವಾ ಪೋಸ್ಟ್‌ಡಾಕ್. ‘ಈ ಹುಡುಗಿ ಬರಲಿ, ನನಗೆ ಕೈ ಬೇಕು’ ಎಂದು ಅವರು ಹೇಳಿದರೆ ಪ್ರಾಧ್ಯಾಪಕರು ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ. ಪ್ರಬಂಧದ ಮೊದಲ ಲೇಖಕರಿಗೆ ಪ್ರಶ್ನೆ ಕೇಳಿ ಬರೆಯುವುದರಿಂದ ಎಷ್ಟೋ ಆಹ್ವಾನಗಳು ಹುಟ್ಟಿವೆ. ಅವರಲ್ಲಿ ಕನ್ನಡದವರೂ ಸಿಗುತ್ತಾರೆ. ಆದರೆ ಊರಿನವರು ಎಂದು ಸಲಿಗೆ ತೆಗೆದುಕೊಂಡು ‘ಅಣ್ಣಾ, ಹೇಗಾದರೂ ಮಾಡಿ’ ಎಂದು ಶುರು ಹಚ್ಚಬೇಡಿ.

ಎರಡನೇ ವರ್ಷದಲ್ಲೇ ಒಂದು ಬೇಸಿಗೆಯನ್ನು ಇಲ್ಲೇ ಕಳೆದಿದ್ದರೆ ಪತ್ರಕ್ಕೆ ತೂಕ ಬರುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಬೇಸಿಗೆ ಫೆಲೋಶಿಪ್ ಕೊಡುತ್ತದೆ. ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಬೆಂಗಳೂರಿನ ವಿಜ್ಞಾನ ಅಕಾಡೆಮಿ, ದೇಶದ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಇದೇ ರೀತಿಯ ಯೋಜನೆ ನಡೆಸುತ್ತ ಬಂದಿದೆ. ಅಲ್ಲಿನ ಮಾರ್ಗದರ್ಶಕರ ಶಿಫಾರಸು ಪತ್ರವನ್ನು ಹೊರಗಿನವರು ಗಂಭೀರವಾಗಿ ಓದುತ್ತಾರೆ. ‘ಈ ವಿದ್ಯಾರ್ಥಿಯ ನಡತೆ ಉತ್ತಮ’ ಎಂದಷ್ಟೇ ಬರೆದು ರಬ್ಬರ್ ಸ್ಟ್ಯಾಂಪ್ ಒತ್ತಿದ ನಮ್ಮ ಪ್ರಾಂಶುಪಾಲರ ಪತ್ರವನ್ನು ಓದುವುದಿಲ್ಲ.

ಪತ್ರ ಬಂತು ಅನ್ನಿ. ಮನೆಯಲ್ಲಿ ಸಿಹಿ ಮಾಡುತ್ತಾರೆ, ವಾಟ್ಸ್‌ಆ್ಯಪ್ ಸ್ಟೇಟಸ್ ಆಗುತ್ತದೆ. ಲೆಕ್ಕ ಕೂರುವುದು ಮಾರನೇ ದಿನ.

ಹತ್ತು–ಹನ್ನೆರಡು ವಾರಕ್ಕೆ ಜರ್ಮನಿಗೆ ಹೋಗುವವರ ಲೆಕ್ಕವನ್ನೇ ನೋಡೋಣ. ಯೂರೊ ನೂರು ರೂಪಾಯಿಯ ಆಸುಪಾಸು ಎಂದು ಹಿಡಿಯಿರಿ. ಮೇ ತಿಂಗಳ ಬೆಂಗಳೂರು–ಫ್ರಾಂಕ್‌ಫರ್ಟ್ ಹೋಗಿಬರುವ ಟಿಕೆಟ್ಟಿಗೆ ಅರವತ್ತರಿಂದ ಎಂಬತ್ತು ಸಾವಿರ ಬೇಕಾಗಬಹುದು. ವೀಸಾ ಶುಲ್ಕ ದೀರ್ಘಾವಧಿಯದಾದರೆ 75 ಯೂರೊ, ಷೆಂಗೆನ್ ಅಲ್ಪಾವಧಿಯದಾದರೆ 2024ರ ಜೂನ್‌ನಿಂದ 90. ಅದರ ಮೇಲೆ ಅರ್ಜಿ ಕೇಂದ್ರದ ಸೇವಾಶುಲ್ಕ, ವಿಮೆ. ಕೋಣೆ ಸಿಕ್ಕರೆ ಒಂದು ತಿಂಗಳ ಬಾಡಿಗೆ ಮುಂಗಡ, ಮತ್ತು ಡಿಪಾಸಿಟ್. ಅಲ್ಲಿನ ಕಾನೂನು ಮೂಲ ಬಾಡಿಗೆಯ ಮೂರು ಪಟ್ಟಿನವರೆಗೆ ಡಿಪಾಸಿಟ್ ಕೇಳಲು ಬಿಡುತ್ತದೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಅದು ಉದಾರ ಅನ್ನಿಸಬಹುದು, ಆದರೆ ಕೊಡಬೇಕಾದದ್ದು ಯೂರೊದಲ್ಲಿ. ದೇಶವಿಡೀ ಊರ ಬಸ್ಸು, ಟ್ರಾಮು, ಪ್ಯಾಸೆಂಜರ್ ರೈಲು ಹತ್ತಬಹುದಾದ ಮಾಸಿಕ ಪಾಸು 2023ರಲ್ಲಿ 49 ಯೂರೊ ಇದ್ದದ್ದು 2026ರ ಜನವರಿಯಿಂದ 63 ಆಗಿದೆ. ಎಲ್ಲ ಕೂಡಿಸಿದರೆ ಒಂದು ಪೈಸೆ ವೇತನ ಕೈಗೆ ಬರುವ ಮೊದಲೇ ಎರಡು ಲಕ್ಷದ ಹತ್ತಿರ ಹೋಗಿರುತ್ತದೆ.

ಈ ಮುಂಗಡ ದುಡ್ಡೇ ಇಡೀ ಕತೆಯ ಗಂಟು. ವೇತನ ಇರುವ ಇಂಟರ್ನ್‌ಶಿಪ್ ಗಿಟ್ಟಿಸಿದ ಜಾಣೆಯೂ ಇಲ್ಲಿ ಸಿಕ್ಕಿಬೀಳುತ್ತಾಳೆ. ವೇತನ ಬರುವುದು ಅಲ್ಲಿ ಇಳಿದು, ಬ್ಯಾಂಕ್ ಖಾತೆ ತೆರೆದು, ಎಷ್ಟೋ ಸಲ ಮೊದಲ ತಿಂಗಳು ಮುಗಿದ ಮೇಲೆ. ಪ್ರಯಾಣದ ಖರ್ಚನ್ನು ಬಿಲ್ಲು ತೋರಿಸಿದ ಮೇಲೆ ಕೊಡುವ ಸಂಸ್ಥೆಗಳೂ ಇವೆ. ಹಾಗಾಗಿ ಆಯ್ಕೆಯಾದ ಕೂಡಲೇ ಕೇಳಬೇಕಾದ ಪ್ರಶ್ನೆ ‘ಎಷ್ಟು ಕೊಡುತ್ತೀರಿ’ ಎನ್ನುವುದಕ್ಕಿಂತ ‘ಯಾವಾಗ ಕೊಡುತ್ತೀರಿ, ಟಿಕೆಟ್ ನೀವೇ ಕಾಯ್ದಿರಿಸುತ್ತೀರಾ’ ಎಂಬುದು. ಮುಂಗಡವಾಗಿ ಕೊಡಿ ಎಂದು ಬರೆದರೆ ಕೆಲವು ಕಚೇರಿಗಳು ಕೊಡುತ್ತವೆ. ಕೇಳಿದರೆ ಕಳೆದುಕೊಳ್ಳುವುದೇನಿಲ್ಲ.

ವೇತನವೇ ಇಲ್ಲದ ಇಂಟರ್ನ್‌ಶಿಪ್ಪಿನ ಮಾತು ಬೇರೆ. ಸಮಾಜ ವಿಜ್ಞಾನ, ಕಾನೂನು ಓದುವವರ ಕಣ್ಣು ವಿಶ್ವಸಂಸ್ಥೆಯ ಮೇಲೆ. ಅದರ ಸಚಿವಾಲಯ ಇಂಟರ್ನ್‌ಗಳಿಗೆ ಸಂಬಳ ಕೊಡುವುದಿಲ್ಲ. ನ್ಯೂಜಿಲೆಂಡಿನ 22 ವರ್ಷದ ಇಂಟರ್ನ್ ಒಬ್ಬ ಜಿನೀವಾದ ಬಾಡಿಗೆ ಕೊಡಲಾಗದೆ ಸರೋವರದ ದಡದಲ್ಲಿ ಟೆಂಟ್ ಹಾಕಿದ್ದು 2015ರಲ್ಲಿ ಜಗತ್ತಿನೆಲ್ಲೆಡೆ ಸುದ್ದಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆ 2020ರಿಂದ ತನ್ನ ಇಂಟರ್ನ್‌ಗಳಿಗೆ ಭತ್ಯೆ ಕೊಡಲು ಆರಂಭಿಸಿತು. ನ್ಯೂಜಿಲೆಂಡಿನವನಿಗೇ ಆಗದ್ದು ನರಗುಂದದವರಿಗೆ ಹೇಗೆ ಆದೀತು? ಸಂಬಳವಿಲ್ಲದ ಇಂಟರ್ನ್‌ಶಿಪ್ಪಿಗಾಗಿ ತೋಟದ ಮೇಲೆ ಸಾಲ ತೆಗೆಯಬೇಡಿ ಎಂದು ನಾನು ಕಡ್ಡಿ ಮುರಿದಂತೆ ಹೇಳುತ್ತೇನೆ.

ಇನ್ನು ವೀಸಾ ಕಡತ. ಜರ್ಮನಿ ವಿದ್ಯಾರ್ಥಿಯ ತಿಂಗಳ ಬದುಕಿಗೆ 992 ಯೂರೊ ಎಂದು ಲೆಕ್ಕ ಹಾಕುತ್ತದೆ. ವರ್ಷದ ಓದಿಗೆ ಹೋಗುವವರು ತಡೆಹಿಡಿದ ಖಾತೆಯಲ್ಲಿಡುವ 11,904 ಯೂರೊ ಬಂದದ್ದು ಇದೇ ಗುಣಾಕಾರದಿಂದ. ವೇತನ ಅದಕ್ಕಿಂತ ಕಡಿಮೆಯಿದ್ದರೆ ಉಳಿದದ್ದು ಎಲ್ಲಿಂದ ಬರುತ್ತದೆ ಎಂದು ತೋರಿಸಬೇಕು. ಓದಿಗೆ ಸಂಬಂಧಪಟ್ಟ ಇಂಟರ್ನ್‌ಶಿಪ್ಪಿಗೆ ಸಾಮಾನ್ಯವಾಗಿ ನಾಲ್ಕು ಸೆಮಿಸ್ಟರ್ ಮುಗಿದಿರಬೇಕು ಎಂಬ ನಿಯಮವೂ ಇದೆ. ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸ ಮಾಡು ಎಂದು ಸಲಹೆ ಕೊಡುವವರಿಂದ ದೂರವಿರಿ.

ಕಡತ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಶಿರಸಿ ಕಡೆಯ ಹುಡುಗಿ, ಅಪ್ಪನಿಗೆ ಮೂರು ಎಕರೆ ಅಡಿಕೆ ತೋಟ. ವೀಸಾಕ್ಕೆ ಪ್ರಾಯೋಜಕರ ಮೂರು ವರ್ಷದ ಆದಾಯ ತೆರಿಗೆ ರಿಟರ್ನ್, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಎಂದು ಯಾರೋ ಕೊಟ್ಟ ಪಟ್ಟಿ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದಳು. ‘ಸರ್, ಅಪ್ಪಯ್ಯ ರಿಟರ್ನ್ ಹಾಕಿದ್ದೇ ಇಲ್ವಂತೆ. ತೋಟದ ದುಡ್ಡಿಗೆ ಟ್ಯಾಕ್ಸ್ ಎಲ್ಲಿದ್ದು ಅಂತ ಕೇಳ್ತಿದಾರೆ.’ ಅಪ್ಪಯ್ಯ ಹೇಳಿದ್ದು ಸರಿ, ಕೃಷಿ ಆದಾಯಕ್ಕೆ ತೆರಿಗೆಯಿಲ್ಲ. ಆದರೆ ಅದು ವೀಸಾ ಕಚೇರಿಯ ಗುಮಾಸ್ತನಿಗೆ ತಾನಾಗಿ ಹೊಳೆಯುವುದಿಲ್ಲ. ಅಪ್ಪಯ್ಯನ ಖಾತೆಯಲ್ಲಿ ವರ್ಷದ ಹತ್ತು ತಿಂಗಳು ಐದು, ಎಂಟು ಸಾವಿರ. ಅಡಿಕೆ ಸೊಸೈಟಿಯಲ್ಲಿ ವ್ಯಾಪಾರವಾದ ತಿಂಗಳು ಒಮ್ಮೆಲೇ ಮೂರು ಲಕ್ಷ. ಆಮೇಲೆ ಬೆಳೆಸಾಲಕ್ಕೆ ವಜಾ, ಮತ್ತೆ ಎಂಟು ಸಾವಿರ. ಇದು ಸಾಲದೆಂದು ಸೋದರಮಾವ ಒಳ್ಳೆಯ ಮನಸ್ಸಿನಿಂದಲೇ ನಾಲ್ಕು ಲಕ್ಷವನ್ನು ಅರ್ಜಿಗೆ ವಾರವಿದೆ ಎನ್ನುವಾಗ ಖಾತೆಗೆ ಹಾಕಿಬಿಟ್ಟಿದ್ದರು. ವೀಸಾ ಅಧಿಕಾರಿಗಳಿಗೆ ಅತಿ ಹೆಚ್ಚು ಅನುಮಾನ ಬರುವುದು ಇಂಥ ದಿಢೀರ್ ಜಮೆಯ ಮೇಲೆ.

ಆಗ ಮಾಡಿದ್ದಿಷ್ಟು. ಮಾವನ ದುಡ್ಡು ವಾಪಸ್ಸು ಹೋಯಿತು, ಮಾವ ಎರಡನೇ ಪ್ರಾಯೋಜಕರಾಗಿ ತಮ್ಮದೇ ಖಾತೆಯ ದಾಖಲೆ ಕೊಟ್ಟರು. ಸೊಸೈಟಿಯಿಂದ ಮೂರು ವರ್ಷದ ಅಡಿಕೆ ವಿಕ್ರಿಯ ಪಟ್ಟಿ ಲೆಟರ್‌ಹೆಡ್ಡಿನ ಮೇಲೆ ಬಂತು. ಪಹಣಿಯನ್ನು ಇಂಗ್ಲಿಷಿಗೆ ಮಾಡಿಸಿ ನೋಟರಿ ಮುಂದೆ ಸಹಿ ಆಯಿತು. ಲೆಕ್ಕಪರಿಶೋಧಕರು ಆಸ್ತಿ ಮೌಲ್ಯದ ಪ್ರಮಾಣಪತ್ರ ಕೊಟ್ಟರು. ಎಲ್ಲಕ್ಕಿಂತ ಮೇಲೆ ಒಂದೇ ಪುಟದ ವಿವರಣೆ: ಈ ಕುಟುಂಬಕ್ಕೆ ಆದಾಯ ವರ್ಷಕ್ಕೊಮ್ಮೆ ಬರುತ್ತದೆ, ಈ ತಿಂಗಳಲ್ಲಿ, ಈ ಸೊಸೈಟಿಯಿಂದ, ಭಾರತದಲ್ಲಿ ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲವಾದ್ದರಿಂದ ರಿಟರ್ನ್ ಇಲ್ಲ. ವೀಸಾ ಬಂತು. ಸಂಬಳದಾರರ ಮಕ್ಕಳಿಗೆ ಒಂದು ಬೆಳಗ್ಗೆಯಲ್ಲಿ ಮುಗಿಯುವ ಕಡತ ಇವರಿಗೆ ಒಂದು ತಿಂಗಳು ಹಿಡಿಯಿತು. ಹೆಸರಿನ ಮುಂದೆ ಎರಡು ಇನಿಷಿಯಲ್ ಇರುವ ಮಾರ್ಕ್ಸ್ ಕಾರ್ಡೂ ಅವನ್ನು ಬಿಡಿಸಿ ಬರೆದ ಪಾಸ್‌ಪೋರ್ಟೂ ಹೊಂದದೆ ಇನ್ನೊಂದಷ್ಟು ದಿನ ತಿನ್ನುವುದುಂಟು. ಎರಡೂ ಒಬ್ಬರದೇ ಎಂಬ ಅಫಿಡವಿಟ್ಟನ್ನು ಮೊದಲೇ ಮಾಡಿಸಿಡಿ.

ಕಾಲೇಜಿನದ್ದೇ ಇನ್ನೊಂದು ತಕರಾರು. ಹೊರದೇಶದ ಬೇಸಿಗೆ ಮೇಯಿಂದ ಜುಲೈವರೆಗೆ. ನಮ್ಮ ಸಮ ಸೆಮಿಸ್ಟರ್ ಪರೀಕ್ಷೆ ಎಷ್ಟೋ ವರ್ಷ ಸರಿಯಾಗಿ ಅದೇ ತಿಂಗಳುಗಳ ಮೇಲೆ ಬಂದು ಕೂರುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ (ವಿಟಿಯು) ಹಾಜರಾತಿ ಶೇ 85 ಬೇಕು. ಹೋಗಲು ಆಕ್ಷೇಪವಿಲ್ಲ ಎಂಬ ಪತ್ರ (ಎನ್‌ಒಸಿ) ಕೇಳಿದರೆ ‘ಹಿಂದೆ ಯಾರಿಗೂ ಕೊಟ್ಟಿಲ್ಲ’ ಎಂಬ ಉತ್ತರ. ಒಂದು ಕಿಂಡಿ ಮಾತ್ರ ಇದೆ. ವಿಟಿಯುವಿನ 2022ರ ಪಠ್ಯಕ್ರಮದ ಎಂಟನೇ ಸೆಮಿಸ್ಟರಿನಲ್ಲಿ ಉದ್ಯಮ ಅಥವಾ ಸಂಶೋಧನೆಯ 14ರಿಂದ 20 ವಾರದ ಇಂಟರ್ನ್‌ಶಿಪ್ ಕಡ್ಡಾಯ. ಅದನ್ನೇ ಹೊರಗೆ ಮಾಡುವ ಬಗ್ಗೆ ಆರನೇ ಸೆಮಿಸ್ಟರಿನಲ್ಲೇ ವಿಭಾಗದ ಮುಖ್ಯಸ್ಥರಲ್ಲಿ ಲಿಖಿತವಾಗಿ ಮಾತಾಡಿಕೊಂಡರೆ ಪರೀಕ್ಷೆಯ ಜಗಳ ತಪ್ಪುತ್ತದೆ.

ಇನ್ನು ಸರ್ಕಾರ. ಬೆಂಗಳೂರಿನ ರಾಜೇಶ್ವರಿ ಚಟರ್ಜಿ ಹೆಸರು ಕೇಳಿದ್ದೀರಲ್ಲ, ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್, ಮೈಕ್ರೊವೇವ್ ತಜ್ಞೆ. ದೆಹಲಿಯ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಅವರು 1947ರ ಜುಲೈನಲ್ಲಿ ಹಡಗು ಹತ್ತಿ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಸ್ನಾತಕೋತ್ತರ ಪದವಿ ಮುಗಿದ ಮೇಲೆ, ಸರ್ಕಾರದೊಂದಿಗಿನ ಒಪ್ಪಂದದಂತೆ, ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯ ರೇಡಿಯೊ ಅಳತೆ ವಿಭಾಗದಲ್ಲಿ ಎಂಟು ತಿಂಗಳು ಪ್ರಾಯೋಗಿಕ ತರಬೇತಿ ಪಡೆದರು. ಬರಿಗೈ ದೇಶವೊಂದು ಆ ಕಾಲದಲ್ಲೇ ಪದವಿಯ ಜೊತೆ ಕೈಕೆಲಸದ ತರಬೇತಿಯನ್ನೂ ಒಪ್ಪಂದದಲ್ಲಿ ಬರೆದಿತ್ತು. ಇಂದು ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ ಪರಿಶಿಷ್ಟರ ಮಕ್ಕಳನ್ನು ಹೊರದೇಶದಲ್ಲಿ ಓದಿಸುತ್ತದೆ, ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವೂ ಇದೆ. ಎರಡೂ ಒಳ್ಳೆಯವು, ಎರಡೂ ಪದವಿಗೆ. ಬ್ಯಾಂಕಿನ ಶಿಕ್ಷಣ ಸಾಲವೂ ಪ್ರವೇಶ ಪತ್ರ, ಶುಲ್ಕದ ರಸೀದಿ ಕೇಳುತ್ತದೆ. ಶುಲ್ಕವೇ ಇಲ್ಲದ ಮೂರು ತಿಂಗಳ ಇಂಟರ್ನ್‌ಶಿಪ್ಪಿಗೆ ಯಾವ ಕಾಲಂನಲ್ಲೂ ಜಾಗವಿಲ್ಲ. ಎರಡು ಲಕ್ಷದ ಕೆಲಸಕ್ಕೆ ಒಂದು ಯೋಜನೆ ಇಲ್ಲದಿರುವುದು ಹಣದ ಕೊರತೆಯಿಂದ ಅಂತ ನನಗನ್ನಿಸುವುದಿಲ್ಲ.

ಈ ಖಾಲಿ ಜಾಗಕ್ಕೆ ದಲ್ಲಾಳಿಗಳು ನುಗ್ಗಿದ್ದಾರೆ. ‘ಖಾತ್ರಿ ವಿದೇಶಿ ಇಂಟರ್ನ್‌ಶಿಪ್, ಪ್ರಮಾಣಪತ್ರ ಸಹಿತ’ ಎಂದು ಲಕ್ಷಗಟ್ಟಲೆ ಕೇಳುವವರಿದ್ದಾರೆ. ನಿಜವಾದ ಪ್ರಯೋಗಾಲಯ ಇಂಟರ್ನ್‌ನಿಂದ ದುಡ್ಡು ಕೇಳುವುದಿಲ್ಲ. ಇದಿಷ್ಟು ನೆನಪಿದ್ದರೆ ಸಾಕು.

ದಲ್ಲಾಳಿ ಇಲ್ಲದ ವ್ಯವಸ್ಥೆಯೂ ಇದೆ, ನಮ್ಮ ಮಣಿಪಾಲದಲ್ಲೇ. 1948ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಐಎಇಎಸ್‌ಟಿಇ ಎಂಬ ತಾಂತ್ರಿಕ ವಿದ್ಯಾರ್ಥಿ ವಿನಿಮಯ ಸಂಘಕ್ಕೆ ಅಲ್ಲಿ ಸ್ಥಳೀಯ ಸಮಿತಿಯಿದೆ. ಅದು ನಡೆಯುವುದು ಮುಯ್ಯಿಗೆ ಮುಯ್ಯಿ ಎಂಬ ಲೆಕ್ಕದಲ್ಲಿ. ಇಲ್ಲಿನ ಒಂದು ಸಂಸ್ಥೆ ಹೊರದೇಶದ ಒಬ್ಬ ವಿದ್ಯಾರ್ಥಿಗೆ ಖರ್ಚು ಕೊಟ್ಟು ಕೆಲಸ ಕಲಿಸಿದರೆ, ಇಲ್ಲಿನ ಒಬ್ಬರಿಗೆ ಹೊರದೇಶದಲ್ಲಿ ವೇತನವಿರುವ ಜಾಗ. ಬೆಳಗಾವಿಯ ಫೌಂಡ್ರಿಗಳೂ ಪೀಣ್ಯದ ಕಾರ್ಖಾನೆಗಳೂ ವರ್ಷಕ್ಕೊಬ್ಬ ಪೋಲಿಷ್ ಹುಡುಗನನ್ನೋ ಬ್ರೆಜಿಲ್ ಹುಡುಗಿಯನ್ನೋ ಎರಡು ತಿಂಗಳು ಇಟ್ಟುಕೊಳ್ಳಲಾರವೇ? ಆ ಊರುಗಳ ಎಂಜಿನಿಯರಿಂಗ್ ಕಾಲೇಜುಗಳು ಹೋಗಿ ಕೇಳಬೇಕಷ್ಟೇ.

ಇನ್ನು ಹಳೆ ವಿದ್ಯಾರ್ಥಿ ಸಂಘಗಳಿಗೆ ಒಂದು ಮನವಿ. ಬೆಳ್ಳಿಹಬ್ಬಕ್ಕೆ ಕಮಾನು ಕಟ್ಟಿಸುವ, ಗ್ರಾನೈಟ್ ಫಲಕದಲ್ಲಿ ದಾನಿಗಳ ಹೆಸರು ಕೆತ್ತಿಸುವ ದುಡ್ಡಿನಲ್ಲಿ ಐದು ಲಕ್ಷ ಎತ್ತಿಟ್ಟು ಒಂದು ಮುಂಗಡ ನಿಧಿ ಮಾಡಿ. ವೇತನ ಖಚಿತವಾಗಿರುವ, ಆಹ್ವಾನ ಪತ್ರ ಕೈಯಲ್ಲಿರುವ ಇಬ್ಬರಿಗೆ ಏಪ್ರಿಲ್‌ನಲ್ಲಿ ಟಿಕೆಟ್ಟಿಗೆ, ಡಿಪಾಸಿಟ್ಟಿಗೆ ಬಡ್ಡಿಯಿಲ್ಲದೆ ಕೊಡಿ. ವೇತನದಲ್ಲಿ ಉಳಿದದ್ದು, ವಾಪಸ್ಸು ಬಂದ ಡಿಪಾಸಿಟ್ಟು ಸೇರಿ ಬಹುಪಾಲು ಗೌರಿ ಹಬ್ಬದ ಹೊತ್ತಿಗೆ ನಿಧಿಗೆ ಮರಳುತ್ತದೆ, ಉಳಿದದ್ದಕ್ಕೆ ಕಂತು ಮಾಡಿಕೊಡಿ. ಜಾಮೀನು ಬೇಕಿದ್ದರೆ ನಮ್ಮಂಥ ಮೇಷ್ಟ್ರುಗಳ ಸಹಿ ಹಾಕಿಸಿಕೊಳ್ಳಿ, ಹಾಕುತ್ತೇವೆ.